ರಸ್ತೆ ಬದಿಯ ಕಸವನ್ನು ಸ್ವಇಚ್ಛೆಯಿಂದ ಹೆಕ್ಕುವವರಿಗೆ ಕಾನೂನಿನ ತೊಡಕು ಬಂದೀತೇ?

ಪೆರ್ಲದ ಓದುಗ ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಬರುವಾಗ, ಮನೆಗಳಿಲ್ಲದ ತಿರುವುಗಳು ಕಸ ಎಸೆಯುವ ಜಾಗಗಳಾಗಿರುವುದನ್ನು ಈ ಭಾಗದಲ್ಲಿ ಓಡಾಡುವವರು ನೋಡಿಯೇ ಇರುತ್ತೀರಿ. ತಿಂಡಿಯ ಪೊಟ್ಟಣ, ನೀರಿನ ಬಾಟ್ಲಿ, ಮದ್ಯದ ಸೀಸೆ, ಮಕ್ಕಳ ಡಯಾಪರ್, ಕೋಳಿ ಅಂಗಡಿಯ ತ್ಯಾಜ್ಯ ತುಂಬಿದ ಗೋಣಿ, ಇವೆಲ್ಲ ಮೊದಲ ಮಳೆಗೆ ತೋಡಿಗೆ ಇಳಿದು, ಅಲ್ಲಿಂದ ಹೊಳೆ ಸೇರುತ್ತವೆ. ನಮ್ಮ ಊರಿನ ವಾಚನಾಲಯದ ಸದಸ್ಯರು ಕೆಲವರು ಸೇರಿ ಆದಿತ್ಯವಾರ ಬೆಳಗ್ಗೆ ಒಂದಿಷ್ಟು ದೂರದ ಕಸವನ್ನು ಹೆಕ್ಕಿ ಚೀಲಗಳಲ್ಲಿ ತುಂಬಿಸುವ ಕೆಲಸ ಆರಂಭಿಸಿದ್ದೇವೆ. ಯಾರ ಆದೇಶವೂ ಇಲ್ಲ, ಯಾರ ಹಣವೂ ಇಲ್ಲ.

ಕಳೆದ ವಾರ ತುಂಬಿದ ಚೀಲಗಳನ್ನು ರಸ್ತೆಯಂಚಿನಲ್ಲಿ ಸಾಲಾಗಿ ಇಟ್ಟು ಗೂಡ್ಸ್ ರಿಕ್ಷಾಕ್ಕೆ ಕಾಯುತ್ತಿದ್ದಾಗ, ಬೈಕಿನಲ್ಲಿ ಹೋಗುತ್ತಿದ್ದ ಒಬ್ಬರು ನಾವೇ ಕಸ ತಂದು ಸುರಿಯುತ್ತಿದ್ದೇವೆಂದು ತಿಳಿದು ಮೊಬೈಲಿನಲ್ಲಿ ಚಿತ್ರೀಕರಿಸಿದರು. ವಿಷಯ ತಿಳಿಸಿದ ಮೇಲೆ ಅವರು ಚಿತ್ರವನ್ನು ಅಳಿಸಿದರು, ಮಾತು ಅಲ್ಲಿಗೆ ಮುಗಿಯಿತು. ಆದರೆ ನಮ್ಮಲ್ಲಿ ಕೆಲವರಿಗೆ ಆತಂಕ ಉಳಿದಿದೆ. ಬೇರೆಯವರು ಎಸೆದ ಕಸವನ್ನು ನಾವು ಎತ್ತಿಕೊಂಡ ಕ್ಷಣದಿಂದ ಅದರ ಹೊಣೆ ನಮ್ಮದಾಗುತ್ತದೆಯೇ? ಅಪಘಾತದ ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಇರುವಂತೆ ಇಂತಹ ಕೆಲಸಕ್ಕೂ ಇದೆಯೇ? ಕಸದ ನಡುವೆ ಹೆಸರು, ವಿಳಾಸ ಇರುವ ಕೊರಿಯರ್ ಕವರುಗಳು ಸಿಗುತ್ತವೆ. ಅವುಗಳ ಚಿತ್ರವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬಹುದೇ? ಬಾಟ್ಲಿಗಳನ್ನು ಗುಜರಿಗೆ ಮಾರಿ ಬಂದ ಹಣದಿಂದ ಕೈಗವಸು ತರಬಹುದೇ? ಇನ್ನೊಂದು ವಿಚಾರ: ನಮ್ಮ ಜೊತೆ ಬರಲು ಹೈಸ್ಕೂಲಿನ ಮಕ್ಕಳು ಆಸೆಪಡುತ್ತಿದ್ದಾರೆ. ಯಾರಿಗಾದರೂ ಗಾಜು ಚುಚ್ಚಿದರೆ ಉತ್ತರಿಸಬೇಕಾದವರು ಯಾರು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ವಕೀಲೆ, ಕಾಸರಗೋಡು:

ನಿಮ್ಮ ಕೆಲಸಕ್ಕೆ ಅಭಿನಂದನೆಗಳು. ಮೊದಲು ರಕ್ಷಣೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಆ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಸಮ್ಮತಿಸಿದ ಮಾರ್ಗಸೂಚಿಗಳೂ, 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮೂ ರಸ್ತೆ ಅಪಘಾತದ ಗಾಯಾಳುವಿಗೆ ನೆರವಾಗುವವರಿಗೆ ಮಾತ್ರ ಸಂಬಂಧಿಸಿದವು. ಕಸ ಹೆಕ್ಕುವವರಿಗೆ ಅವುಗಳ ಆಸರೆ ದೊರೆಯುವುದಿಲ್ಲ. ಹಾಗೆಂದು ಹೆದರಬೇಕಾಗಿಯೂ ಇಲ್ಲ. ಸಾರ್ವಜನಿಕ ರಸ್ತೆಯ ಬದಿಯಲ್ಲಿ ಬಿದ್ದಿರುವ ಕಸವನ್ನು ಎತ್ತುವುದು ಅಪರಾಧವಲ್ಲ. ಕಳವು ಎನಿಸಿಕೊಳ್ಳಬೇಕಾದರೆ ಇನ್ನೊಬ್ಬರ ಸ್ವಾಧೀನದಲ್ಲಿರುವ ವಸ್ತುವನ್ನು ಅಪ್ರಾಮಾಣಿಕ ಉದ್ದೇಶದಿಂದ ತೆಗೆದಿರಬೇಕು. ಎಸೆದವನು ತನ್ನ ಸ್ವಾಧೀನವನ್ನು ತಾನೇ ಬಿಟ್ಟುಕೊಟ್ಟಿರುವುದರಿಂದ ಆ ಮಾತು ಇಲ್ಲಿ ಅನ್ವಯಿಸದು. ಇದೇ ತರ್ಕದಿಂದ ಒಂದು ಎಚ್ಚರಿಕೆಯೂ ಹೊರಡುತ್ತದೆ. ರಸ್ತೆ ಬದಿಯಲ್ಲಿ ಪಂಚಾಯತು ಇರಿಸಿರುವ ಬಾಟ್ಲಿ ಬೂತಿನೊಳಗೆ ಅಥವಾ ಮಿನಿ ಎಂಸಿಎಫ್ ಎಂಬ ಜಾಲರಿಯ ಗೂಡಿನೊಳಗೆ ಇರುವ ಬಾಟ್ಲಿಗಳು ಪಂಚಾಯತಿನ ಸ್ವಾಧೀನದಲ್ಲಿರುವಂಥವು. ಅವನ್ನು ತೆಗೆದು ಗುಜರಿಗೆ ಮಾರಿದರೆ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಸಮರ್ಥಿಸಿಕೊಳ್ಳುವುದು ಕಷ್ಟವಾಗುತ್ತದೆ.

ಕಸದ ನಡುವೆ ಬೆಲೆಯುಳ್ಳ ವಸ್ತು ಸಿಕ್ಕಿದರೆ ನಿಯಮ ಬೇರೆ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ, ಅಂದರೆ ಹಿಂದಿನ ದಂಡ ಸಂಹಿತೆಯ 403ನೇ ಕಲಂ, ಇದನ್ನು ಉದಾಹರಣೆಗಳ ಮೂಲಕವೇ ವಿವರಿಸುತ್ತದೆ. ದಾರಿಯಲ್ಲಿ ಬಿದ್ದ ಒಂದು ರೂಪಾಯಿಯನ್ನು ಯಾರದೆಂದು ತಿಳಿಯದೆ ಎತ್ತಿಕೊಂಡವನು ಅಪರಾಧಿಯಲ್ಲ. ದಾರಿಯಲ್ಲಿ ಸಿಕ್ಕಿದ ಪತ್ರದೊಳಗೆ ಬ್ಯಾಂಕ್ ನೋಟಿದ್ದು, ಪತ್ರದ ವಿಳಾಸದಿಂದ ಅದು ಯಾರದೆಂದು ಗೊತ್ತಾದ ಮೇಲೂ ಅದನ್ನು ಇಟ್ಟುಕೊಂಡವನು ಅಪರಾಧಿ. ಆದ್ದರಿಂದ ಪರ್ಸು, ಮೊಬೈಲು, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ ಮುಂತಾದವು ಸಿಕ್ಕಿದರೆ ಚೀಲಕ್ಕೆ ಹಾಕಬೇಡಿ. ಒಡೆಯನನ್ನು ಹುಡುಕಿ ಕೊಡಿ, ಇಲ್ಲವೇ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಬಿದ್ದು ಸಿಕ್ಕಿದ ವಸ್ತುವನ್ನು ಕೈಗೆ ತೆಗೆದುಕೊಂಡವನಿಗೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆಯೂ ಬರುತ್ತದೆಂದು 1872ರ ಕರಾರು ಕಾಯ್ದೆಯ 71ನೇ ಕಲಂ ಹೇಳುತ್ತದೆ.

ನಾನು ಗಂಭೀರವಾಗಿ ಎಚ್ಚರಿಸಬೇಕಾದದ್ದು ಎರಡು ವಸ್ತುಗಳ ಬಗ್ಗೆ. ಮೊದಲನೆಯದು ಮದ್ಯ. ಖಾಲಿ ಸೀಸೆಯಿಂದ ತೊಂದರೆಯಿಲ್ಲ. ಆದರೆ ಗಡಿಯ ಈ ರಸ್ತೆಗಳಲ್ಲಿ ಕರ್ನಾಟಕದಲ್ಲಿ ಮಾರಾಟವಾಗುವ ಮದ್ಯದ ಪ್ಯಾಕೆಟ್‌ಗಳನ್ನು ತರುವವರು ತಪಾಸಣೆಯ ಸುಳಿವು ಸಿಕ್ಕಿದಾಗ ಪೊದೆಗೆ ಎಸೆದು ಹೋಗುವುದುಂಟು. ಕೇರಳದ ತೆರಿಗೆ ಸಲ್ಲದ ಮದ್ಯವನ್ನು ಇಲ್ಲಿ ಕೈವಶ ಇಟ್ಟುಕೊಳ್ಳುವುದು ಅಬಕಾರಿ ಕಾಯ್ದೆಯಡಿ ಅಪರಾಧ. ಒಡೆಯದ ಪ್ಯಾಕೆಟ್‌ಗಳು ತುಂಬಿದ ಚೀಲವನ್ನು ನೀವು ರಿಕ್ಷಾಕ್ಕೆ ಏರಿಸಿದ ಮೇಲೆ ತಪಾಸಣೆಯಾದರೆ, ಹೆಕ್ಕಿದ್ದೆಂದು ಹೇಳುವ ಮಾತಿಗೆ ಸಾಕ್ಷಿ ಬೇಕಾಗುತ್ತದೆ. ಎರಡನೆಯದು ಮಾದಕ ವಸ್ತು. 1985ರ ಎನ್‌ಡಿಪಿಎಸ್ ಕಾಯ್ದೆಯ 35 ಮತ್ತು 54ನೇ ಕಲಮುಗಳು ಸಾಮಾನ್ಯ ಅಪರಾಧ ಕಾನೂನಿಗಿಂತ ಕಠಿಣವಾಗಿವೆ. ವಸ್ತು ಒಬ್ಬನ ಕೈವಶದಲ್ಲಿ ಇದ್ದದ್ದು ರುಜುವಾತಾದರೆ ಅವನಿಗೆ ಅಪರಾಧಿಕ ಮನೋಭಾವ ಇತ್ತೆಂದೇ ನ್ಯಾಯಾಲಯ ಊಹಿಸಬೇಕಾಗುತ್ತದೆ, ಅಲ್ಲವೆಂದು ತೋರಿಸುವ ಭಾರ ಅವನ ಮೇಲೆ ಬೀಳುತ್ತದೆ. ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಲಕೋಟೆಯಲ್ಲಿ ಪುಡಿಯೋ ಹರಳೋ ಕಂಡರೆ ಕೈ ಹಾಕದೆ, ಇದ್ದ ಜಾಗದಲ್ಲೇ ಬಿಟ್ಟು, ಪೊಲೀಸರಿಗೆ ಕರೆ ಮಾಡಿ ಅವರು ಬರುವವರೆಗೆ ಇಬ್ಬರು ಅಲ್ಲೇ ನಿಲ್ಲಿರಿ.

ಕೊರಿಯರ್ ಕವರಿನ ಚಿತ್ರವನ್ನು ವಾಟ್ಸಾಪಿಗೆ ಹಾಕಬೇಡಿ. ಕವರಿನಲ್ಲಿ ಹೆಸರಿರುವುದರಿಂದ ಕಸ ಅವರ ಮನೆಯದೆಂದು ಊಹಿಸಬಹುದು; ಎಸೆದವರು ಅವರೇ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಹಣ ಕೊಟ್ಟು ಪಿಕಪ್‌ನವನ ಕೈಗೆ ಕಸ ಒಪ್ಪಿಸಿದ ಮನೆಯವರು, ಅವನು ಅದನ್ನು ಯಾವ ತಿರುವಿನಲ್ಲಿ ಸುರಿದನೆಂದು ತಿಳಿದೇ ಇರುವುದಿಲ್ಲ. ಅವರಿಗೂ ತಮ್ಮದೇ ಆದ ಹೊಣೆ ಇದೆ, ಆದರೆ ಅದನ್ನು ನಿರ್ಣಯಿಸಬೇಕಾದವರು ಪಂಚಾಯತಿನ ಅಧಿಕಾರಿಗಳು. ಊರಿನ ಗುಂಪಿನಲ್ಲಿ ಒಬ್ಬರ ಹೆಸರು ಹಾಕಿ ಕಳಂಕ ಹೊರಿಸಿದರೆ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಯ ದೂರು ಬರಬಹುದು. ಕವರನ್ನು ಪ್ರತ್ಯೇಕವಾಗಿ ಇಟ್ಟು ಪಂಚಾಯತಿಗೆ ಕೊಡಿ.

ಇನ್ನು ಬೇರೆಯವರ ತೋಟದೊಳಗೆ ಇಳಿಯುವ ವಿಚಾರ. ಅಪರಾಧ ಎಸಗುವ ಅಥವಾ ಬೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶವಿಲ್ಲದೆ ಪ್ರವೇಶಿಸಿದರೆ ಅದು ಕ್ರಿಮಿನಲ್ ಅತಿಕ್ರಮಣವಾಗದು. ಆದರೂ ಪಾಗಾರದ ಒಳಗೆ ಬಿದ್ದ ಕಸಕ್ಕೆ ಮನೆಯವರ ಒಪ್ಪಿಗೆ ಕೇಳುವುದು ನ್ಯಾಯ. ಮೀಸಲು ಅರಣ್ಯದ ಒಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು, ಮುಳ್ಳೇರಿಯದ ಕಡೆಯವರು ಇದನ್ನು ಗಮನಿಸಬೇಕು.

ಹರಿತ ಕರ್ಮ ಸೇನೆಯ ಸದಸ್ಯೆ, ಕುಂಬಳೆ ಕಡೆಯಿಂದ:

ವಕೀಲರು ಹೇಳಿದ ವಿಷಯಗಳು ನಮಗೂ ಹೊಸತು, ಓದಿ ಉಪಕಾರವಾಯಿತು. ಪಂಚಾಯತಿಗಾಗಿ ಮನೆಮನೆಯ ಕಸ ಸಂಗ್ರಹಿಸುವ ಮಹಿಳೆಯರ ತಂಡವಾದ ಹರಿತ ಕರ್ಮ ಸೇನೆಯಲ್ಲಿ ನಾನು ದಿನವೂ ಇದೇ ಕೆಲಸ ಮಾಡುವವಳಾದುದರಿಂದ ಎತ್ತಿದ ಮೇಲಿನ ಮಾತನ್ನು ಹೇಳುತ್ತೇನೆ. ತೊಂದರೆ ಹುಟ್ಟಿಕೊಳ್ಳುವುದು ಅಲ್ಲಿಯೇ ಎಂದು ನನ್ನ ಅನುಭವ.

ನಮ್ಮ ಸಂಗ್ರಹ ಮನೆಮನೆಯ ಲೆಕ್ಕದಲ್ಲಿ ನಡೆಯುತ್ತದೆ. ಪ್ರತಿ ಮನೆಗೂ ಕ್ಯೂಆರ್ ಕೋಡ್ ಇದೆ, ಮನೆಯವರು ತಿಂಗಳ ಶುಲ್ಕ ಕೊಡುತ್ತಾರೆ, ನಾವು ಅದನ್ನು ಹರಿತಮಿತ್ರಂ ಆ್ಯಪಿನಲ್ಲಿ ದಾಖಲಿಸುತ್ತೇವೆ. ಎತ್ತಿದ್ದನ್ನು ಪಂಚಾಯತಿನ ಸಂಗ್ರಹ ಕೇಂದ್ರವಾದ ಎಂಸಿಎಫ್‌ಗೆ ಒಯ್ದು, ಕೈಯಿಂದಲೇ ವಿಂಗಡಿಸುತ್ತೇವೆ. ಅದರಲ್ಲಿ ಮಾರಾಟಕ್ಕೆ ಬರುವುದು ಒಂದು ಪಾಲು ಮಾತ್ರ. ಉಳಿದದ್ದನ್ನು ಸಾಗಿಸಲು ಪಂಚಾಯತೇ ಹಣ ಕೊಡಬೇಕಾಗುತ್ತದೆ. ಈಗ ನೀವು ಆದಿತ್ಯವಾರ ಹೆಕ್ಕಿದ ಚೀಲಗಳನ್ನು ನಮಗೆ ತಿಳಿಸದೆ ಮಿನಿ ಎಂಸಿಎಫ್‌ನ ಹತ್ತಿರ ಇಟ್ಟು ಹೋದರೆ, ಸೋಮವಾರ ಅದನ್ನು ನೋಡುವವರ ಕಣ್ಣಿಗೆ ಅದು ಯಾರೋ ರಾತ್ರಿ ಸುರಿದು ಹೋದ ಕಸವೇ. ನೀವು ಹೆಕ್ಕಿದ್ದೆಂದು ಚೀಲದ ಮೇಲೆ ಬರೆದಿರುವುದಿಲ್ಲವಲ್ಲ. ನಾಯಿಗಳು ಹರಿದು ಹಾಕುತ್ತವೆ, ಕಸ ಸುರಿಯುವವರನ್ನು ಪತ್ತೆಹಚ್ಚುವ ಸ್ಕ್ವಾಡಿನವರು ಬಂದು ಒಳಗೆ ಹೆಸರು, ವಿಳಾಸ ಹುಡುಕುತ್ತಾರೆ, ಹತ್ತಿರದ ಕ್ಯಾಮೆರಾ ನೋಡುತ್ತಾರೆ, ಕ್ಯಾಮೆರಾದಲ್ಲಿ ಕಾಣುವುದು ಚೀಲ ಇಳಿಸುತ್ತಿರುವ ನಿಮ್ಮ ರಿಕ್ಷಾ.

ಆದುದರಿಂದ ಕೆಲಸದ ಮೊದಲೇ ನಿಮ್ಮ ವಾರ್ಡಿನ ನಮ್ಮ ಸದಸ್ಯೆಯರ ಹತ್ತಿರ ಮಾತಾಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಗೆ ತಂದುಕೊಡಬೇಕೆಂದು ನಿಶ್ಚಯಿಸಿಕೊಳ್ಳಿ. ಮನೆಯ ಲೆಕ್ಕಕ್ಕೆ ಸೇರದ ಕಸವನ್ನು ಯಾವ ಲೆಕ್ಕದಲ್ಲಿ ತೆಗೆದುಕೊಳ್ಳಬೇಕೆಂದು ನಾವೂ ಪಂಚಾಯತಿನಲ್ಲಿ ಕೇಳಿಕೊಳ್ಳಬೇಕಾಗುತ್ತದೆ. ಪ್ಲಾಸ್ಟಿಕ್, ಗಾಜು, ಚಪ್ಪಲಿ ಮತ್ತು ಬಟ್ಟೆ ಬೇರೆ ಬೇರೆ ಚೀಲದಲ್ಲಿರಲಿ. ಗಾಜು ಮತ್ತು ಚಪ್ಪಲಿಯನ್ನು ಎಲ್ಲ ತಿಂಗಳೂ ತೆಗೆದುಕೊಳ್ಳುವ ಕ್ರಮವಿಲ್ಲ, ಅದಕ್ಕೆ ಕ್ಯಾಲೆಂಡರ್ ಇದೆ. ಕೋಳಿ ತ್ಯಾಜ್ಯ, ಡಯಾಪರ್, ಪ್ಯಾಡ್ ನಮ್ಮ ಕೈಗೆ ಕೊಡಬೇಡಿ. ವಿಂಗಡಿಸುವ ಮೇಜಿನ ಮೇಲೆ ಕೊಳೆತ ಗೋಣಿ ಬಿಚ್ಚಿಕೊಳ್ಳುವುದು ನಮ್ಮ ಕೆಲಸದ ಅತ್ಯಂತ ಕಷ್ಟದ ಗಳಿಗೆ. ಒಳ್ಳೆಯ ಮನಸ್ಸಿನಿಂದ ಹೆಕ್ಕಿದವರೂ ಅದನ್ನು ಮರೆಯುತ್ತಾರೆ.

ಇಂಜೆಕ್ಷನ್ ಸೂಜಿ, ಗ್ಲುಕೋಸ್ ಟ್ಯೂಬು, ರಕ್ತ ತಾಗಿದ ಹತ್ತಿ ಕಂಡಲ್ಲಿ ಆ ಜಾಗವನ್ನೇ ಬಿಟ್ಟುಬಿಡಿ. ಮಳೆಗಾಲದಲ್ಲಿ ಇಲಿಜ್ವರದ ಭಯವೂ ಇದೆ. ಕಾಲಿನಲ್ಲಿ ಗಾಯವಿರುವವರು ನೀರು ನಿಂತ ಚರಂಡಿಗೆ ಇಳಿಯಬಾರದು, ಇಳಿಯಲೇಬೇಕಾದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಮಾತ್ರೆ ತೆಗೆದುಕೊಳ್ಳಬೇಕು.

ನಿವೃತ್ತ ಪಂಚಾಯತು ನೌಕರ, ಮಂಜೇಶ್ವರ ತಾಲೂಕು:

ಸಹೋದರಿ ಹೇಳಿದ್ದು ಅಕ್ಷರಶಃ ನಿಜ. ಅದಕ್ಕೆ ಕಾನೂನಿನ ಹಿನ್ನೆಲೆಯನ್ನು ಸೇರಿಸುತ್ತೇನೆ. ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿಗೆ 2023ರ ಮಾರ್ಚಿನಲ್ಲಿ ಬೆಂಕಿ ಬಿದ್ದು ನಗರವಿಡೀ ದಿನಗಟ್ಟಲೆ ಹೊಗೆಯಲ್ಲಿ ಮುಳುಗಿದ ಬಳಿಕ ಕೇರಳ ಸರಕಾರ ಈ ವಿಷಯದಲ್ಲಿ ಬಹಳ ಬಿಗಿಯಾಯಿತು. ಪಂಚಾಯತ್ ರಾಜ್ ಕಾಯ್ದೆಗೂ ನಗರಸಭಾ ಕಾಯ್ದೆಗೂ ತಿದ್ದುಪಡಿಗಳು ಬಂದು, ಜಲಮೂಲಗಳಿಗೆ ಕಸ ಸುರಿದವರಿಗೆ 50,000 ರೂಪಾಯಿವರೆಗೆ ದಂಡ ಮತ್ತು ಒಂದು ವರ್ಷದವರೆಗೆ ಸಜೆ ವಿಧಿಸುವ ಅವಕಾಶವಾಯಿತು. ಕಸ ಎಸೆಯುವವರ ಚಿತ್ರವನ್ನು ಸಾಕ್ಷಿಯಾಗಿ ಕಳುಹಿಸಿದವರಿಗೆ ದಂಡದ ಒಂದು ಪಾಲನ್ನು ಬಹುಮಾನವಾಗಿ ಕೊಡುವ ವ್ಯವಸ್ಥೆಯೂ ಬಂದಿದೆ. ನಿಮ್ಮನ್ನು ಚಿತ್ರೀಕರಿಸಿದ ಬೈಕಿನವರ ಮೇಲೆ ಬೇಸರಪಡಬೇಡಿ, ಅವರು ಮಾಡಿದ್ದು ಸರಕಾರ ಜನರಿಂದ ಬಯಸುವ ಕೆಲಸವನ್ನೇ. ನಿಮ್ಮ ಬಗ್ಗೆ ಪಂಚಾಯತಿಗೆ ಮೊದಲೇ ಗೊತ್ತಿದ್ದರೆ ಅಂತಹ ಚಿತ್ರ ಹೋದರೂ ಅಲ್ಲಿಯೇ ನಿಂತುಬಿಡುತ್ತದೆ.

ಆದ್ದರಿಂದ ಕಾರ್ಯದರ್ಶಿಯವರಿಗೆ ಒಂದು ಪತ್ರ ಬರೆಯಿರಿ. ರಸ್ತೆಯ ಯಾವ ಭಾಗ, ಯಾವ ದಿನ, ಎಷ್ಟು ಮಂದಿ, ಕಸವನ್ನು ಎಲ್ಲಿಗೆ ತಲಪಿಸುವಿರಿ, ಯಾವ ವಾಹನ ಎಂಬ ವಿವರಗಳಿರಲಿ. ಪತ್ರದ ಇನ್ನೊಂದು ಪ್ರತಿಗೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಕೆಲಸಕ್ಕೆ ಹೋಗುವಾಗ ಜೇಬಿನಲ್ಲಿಟ್ಟುಕೊಳ್ಳಿ. ಚೆರ್ಕಳ–ಕಲ್ಲಡ್ಕ ರಸ್ತೆ ಪಂಚಾಯತಿನ ರಸ್ತೆಯಲ್ಲದುದರಿಂದ ಲೋಕೋಪಯೋಗಿ ಇಲಾಖೆಗೂ ಠಾಣೆಗೂ ಒಂದೊಂದು ಪ್ರತಿ ಹೋಗಲಿ. ಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರು ಹೆಚ್ಚಾಗಿರುವ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಮತ್ತು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಎಷ್ಟೋ ಜನ ಮಲಯಾಳದಲ್ಲಿ ಬರೆಯಲು ಬಾರದೆಂಬ ಒಂದೇ ಕಾರಣಕ್ಕೆ ಇಂತಹ ಪತ್ರಗಳನ್ನು ಬರೆಯದೆ ಬಿಡುತ್ತಾರೆ. ಆ ಅಳುಕು ಬೇಡ. ಹಕ್ಕು ಬಳಸಿದಷ್ಟು ಕಾಲ ಮಾತ್ರ ಕಚೇರಿಗಳಲ್ಲಿ ಕನ್ನಡ ಓದಬಲ್ಲವರು ಇರುತ್ತಾರೆ.

ಹೆಕ್ಕಿದ ಕಸವನ್ನು ಅಲ್ಲಿಯೇ ರಾಶಿ ಹಾಕಿ ಬೆಂಕಿ ಕೊಡುವವರನ್ನು ನಾನು ಕೆಲಸದಲ್ಲಿದ್ದಾಗ ಬಹಳ ಕಂಡಿದ್ದೇನೆ. ಸ್ವಚ್ಛತಾ ಕಾರ್ಯಕ್ರಮ ಮಾಡಿ, ಫೋಟೋ ತೆಗೆದು, ಕೊನೆಗೆ ಬೆಂಕಿ ಹಚ್ಚುತ್ತಾರೆ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರ ಆದೇಶದಲ್ಲಿ ದೇಶಾದ್ಯಂತ ನಿಷೇಧಿಸಿದೆ. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ತೆರಬೇಕೆಂದು ಅದರಲ್ಲಿದೆ. ಕಸ ಯಾರದೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ, ಸುಟ್ಟವನೇ ಹೊಣೆ. ಗುಂಡಿ ತೋಡಿ ಹೂಳುವುದಕ್ಕೂ ಘನ ತ್ಯಾಜ್ಯದ ನಿಯಮಗಳು ಎಡೆಗೊಡುವುದಿಲ್ಲ. ಗುಜರಿಗೆ ಮಾರುವ ವಿಚಾರದಲ್ಲಿ ನನ್ನ ಸಲಹೆ ಬೇಡವೆಂದೇ. ಸಿಗುವ ಹಣ ಅಲ್ಪ, ಹುಟ್ಟುವ ಮಾತು ಬಹಳ. ಕೈಗವಸಿಗೆ ಪಂಚಾಯತನ್ನೇ ಕೇಳಿ.

ಅಡ್ಯನಡ್ಕದಿಂದ ಒಬ್ಬರು:

ನಾನು ಗಡಿಯ ಈಚೆ, ಬಂಟ್ವಾಳ ತಾಲೂಕಿನವನು. ಒಂದೇ ರಸ್ತೆಯ ಎರಡು ತುದಿಗಳಲ್ಲಿ ನಾವು ಇರುವುದರಿಂದ ಒಂದು ಮಾತು ಸೇರಿಸಬೇಕೆನಿಸಿತು. ಅಡ್ಕಸ್ಥಳ ದಾಟಿ ವಿಟ್ಲದ ಕಡೆಯ ಗುಜರಿ ಅಂಗಡಿಗೆ ಒಯ್ದರೆ ಬಾಟ್ಲಿಗೆ ಎರಡು ಕಾಸು ಹೆಚ್ಚು ಸಿಗುತ್ತದೆಂಬ ಲೆಕ್ಕವನ್ನು ದಯವಿಟ್ಟು ಹಾಕಬೇಡಿ. ಕೇರಳದ ಕಸವನ್ನು ರಾತ್ರಿ ವೇಳೆ ತಂದು ಇಲ್ಲಿಯ ಗುಡ್ಡೆಗಳಲ್ಲಿ ಸುರಿಯುತ್ತಾರೆಂಬ ಸಿಟ್ಟು ನಮ್ಮ ಊರುಗಳಲ್ಲಿ ಬಹಳ ಕಾಲದಿಂದ ಇದೆ. ಕೆಎಲ್ 14 ಸಂಖ್ಯೆಯ ರಿಕ್ಷಾದಲ್ಲಿ ಕಸದ ಚೀಲ ಕಂಡರೆ ಜನ ಮೊದಲು ಅಡ್ಡ ಹಾಕುತ್ತಾರೆ, ಆಮೇಲೆ ಕೇಳುತ್ತಾರೆ. 2024ರ ಡಿಸೆಂಬರಿನಲ್ಲಿ ತಿರುನೆಲ್ವೇಲಿಯ ಹಳ್ಳಿಗಳಲ್ಲಿ ತಿರುವನಂತಪುರದ ಆಸ್ಪತ್ರೆ ತ್ಯಾಜ್ಯ ಪತ್ತೆಯಾಗಿ, ಹಸಿರು ನ್ಯಾಯಮಂಡಳಿಯ ಆದೇಶದಂತೆ ಕೇರಳವೇ ಲಾರಿಗಳನ್ನು ಕಳುಹಿಸಿ ಅದನ್ನು ಹಿಂದಕ್ಕೆ ಒಯ್ಯಬೇಕಾಯಿತು. ಆ ಬಳಿಕ ಗಡಿಯಲ್ಲಿ ಎಲ್ಲರ ಕಣ್ಣೂ ಚುರುಕಾಗಿದೆ. ಕಸ ಬಿದ್ದ ಪಂಚಾಯತಿನಲ್ಲೇ ಅದು ಒಪ್ಪಿಸಲ್ಪಡಲಿ. ಬೇಕಿದ್ದರೆ ನಮ್ಮ ಬದಿಯಿಂದಲೂ ಅದೇ ದಿನ ಅಡ್ಕಸ್ಥಳದವರೆಗೆ ಹೆಕ್ಕಿಕೊಂಡು ಬರಲು ನಾವು ಕೆಲವರು ಸಿದ್ಧರಿದ್ದೇವೆ, ನಮ್ಮ ಚೀಲಗಳನ್ನು ನಮ್ಮ ಪಂಚಾಯತಿಗೆ ಒಪ್ಪಿಸುತ್ತೇವೆ.

ನೀರ್ಚಾಲಿನ ಅಧ್ಯಾಪಕ:

ಮಕ್ಕಳ ವಿಚಾರಕ್ಕೆ ಯಾರೂ ಇನ್ನೂ ಉತ್ತರಿಸಿಲ್ಲ. ನನ್ನ ಅಭಿಪ್ರಾಯ ಕಟುವಾಗಿ ಕೇಳಿಸಬಹುದು: ಹದಿನೆಂಟು ತುಂಬದವರನ್ನು ವಾಹನ ಓಡುವ ರಸ್ತೆಯ ಬದಿಗೆ ಕಸ ಹೆಕ್ಕಲು ಕರೆದೊಯ್ಯಬೇಡಿ. ಅಪಾಯ ತಿಳಿದು ಒಪ್ಪಿಕೊಂಡ ವಯಸ್ಕರ ವಿಷಯ ಬೇರೆ. ಮಗುವಿನ ಒಪ್ಪಿಗೆಗೆ ಕಾನೂನಿನಲ್ಲಿ ಅಂತಹ ತೂಕವಿಲ್ಲ. ಹೆತ್ತವರ ಸಹಿ ಪಡೆದಿದ್ದರೂ, ಕರೆದೊಯ್ದವರು ಸಾಕಷ್ಟು ಎಚ್ಚರ ವಹಿಸಲಿಲ್ಲವೆಂದು ತೋರಿಬಂದರೆ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. ಈ ರಸ್ತೆಯ ತಿರುವುಗಳಲ್ಲಿ ಬಸ್ಸುಗಳು ಹೇಗೆ ಬರುತ್ತವೆಂದು ನಮಗೆಲ್ಲ ಗೊತ್ತು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾಗಿರುವ 66ನೇ ರಾಷ್ಟ್ರೀಯ ಹೆದ್ದಾರಿಯ ಮುಖ್ಯ ಪಥಕ್ಕಂತೂ ದೊಡ್ಡವರೂ ಇಳಿಯಬಾರದು.

ಇನ್ನೂ ಒಂದು ಕಾರಣವಿದೆ. ಕಾಡುಹಂದಿಗೆಂದು ಇಡುವ ಸ್ಫೋಟಕದ ಉಂಡೆ ನೋಡುವುದಕ್ಕೆ ಯಾವುದೋ ತಿಂಡಿಯಂತೆ ಇರುತ್ತದೆ. 2022ರ ಜುಲೈಯಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಮಟ್ಟನ್ನೂರಿನಲ್ಲಿ ಗುಜರಿ ಹೆಕ್ಕುತ್ತಿದ್ದ ಅಸ್ಸಾಮಿನ ತಂದೆ ಮತ್ತು ಮಗ, ಸಿಕ್ಕಿದ ಸ್ಟೀಲಿನ ಪಾತ್ರೆಯನ್ನು ತೆರೆಯಲು ಹೋಗಿ ಅದರೊಳಗಿದ್ದ ಬಾಂಬು ಸಿಡಿದು ಪ್ರಾಣ ಕಳೆದುಕೊಂಡರು. ಮುಚ್ಚಳ ಬಿಗಿದ ಡಬ್ಬಿ, ನೂಲು ಸುತ್ತಿದ ಪೊಟ್ಟಣ ಕಂಡರೆ ಮುಟ್ಟಬಾರದೆಂಬ ವಿವೇಕವನ್ನು ಒಂದು ಗುಂಪು ಮಕ್ಕಳಲ್ಲಿ ಪ್ರತಿಯೊಬ್ಬರಿಂದಲೂ ಪ್ರತಿ ಕ್ಷಣ ನಿರೀಕ್ಷಿಸುವುದು ಸಾಧ್ಯವಿಲ್ಲ. ಮಕ್ಕಳ ಉತ್ಸಾಹಕ್ಕೆ ಬೇರೆ ದಾರಿ ಕೊಡಿ. ಶಾಲೆಯ ಅಂಗಳದೊಳಗೆ ವಿಂಗಡಣೆ ಮಾಡಿಸಿ, ಹರಿತ ಕರ್ಮ ಸೇನೆಯ ಸಹೋದರಿಯರನ್ನು ತರಗತಿಗೆ ಕರೆಸಿ ಮಾತಾಡಿಸಿ.

ಪೆರ್ಲದ ಓದುಗ:

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಕ್ಕಳನ್ನು ರಸ್ತೆಗೆ ಕರೆದೊಯ್ಯುವುದಿಲ್ಲವೆಂದು ವಾಚನಾಲಯದ ಸಭೆಯಲ್ಲಿ ನಿರ್ಧರಿಸಿದ್ದೇವೆ, ಪತ್ರದ ಕರಡೂ ಕನ್ನಡದಲ್ಲಿ ಸಿದ್ಧವಾಗಿದೆ. ಎರಡು ಸಂಶಯಗಳು ಉಳಿದಿವೆ. ಪತ್ರಕ್ಕೆ ವಾಚನಾಲಯದ ಹೆಸರಿನಲ್ಲಿ ಕಾರ್ಯದರ್ಶಿ ಸಹಿ ಹಾಕುವುದೋ, ಭಾಗವಹಿಸುವ ಎಲ್ಲರೂ ಹಾಕುವುದೋ? ಮತ್ತು ತೋಡಿನ ಸಂಕದ ಕೆಳಗೆ ಯಾರೋ ಒಂದೇ ಸಲ ತಂದು ಸುರಿದಂತೆ ಕಾಣುವ ಹತ್ತಾರು ಗೋಣಿಗಳಿವೆ. ಮಳೆ ಬಂದರೆ ಎಲ್ಲವೂ ನೀರಿಗೆ ಹೋಗುತ್ತದೆ. ಅದನ್ನು ನಾವು ತೆಗೆದರೆ ಸುರಿದವರ ವಿರುದ್ಧದ ಸಾಕ್ಷ್ಯವನ್ನು ನಾಶ ಮಾಡಿದಂತೆ ಆಗುತ್ತದೆಯೇ?

ವಕೀಲೆ, ಕಾಸರಗೋಡು:

ಸಾಕ್ಷ್ಯನಾಶದ ಅಪರಾಧಕ್ಕೆ ತಪ್ಪಿತಸ್ಥನನ್ನು ಶಿಕ್ಷೆಯಿಂದ ಪಾರು ಮಾಡುವ ಉದ್ದೇಶ ಇರಬೇಕು, ಅದು ನಿಮಗಿಲ್ಲ. ಆದರೆ ನೀವು ತೆಗೆದುಬಿಟ್ಟರೆ ಸುರಿದವರು ಸಿಕ್ಕಿಬೀಳುವ ದಾರಿ ಮುಚ್ಚಿಹೋಗುತ್ತದೆಂಬುದು ವಾಸ್ತವ. ಬಿಡಿಯಾಗಿ ಬಿದ್ದದ್ದನ್ನು ಹೆಕ್ಕಿ. ರಾಶಿಯಾಗಿ ಸುರಿದದ್ದನ್ನು ಮುಟ್ಟಬೇಡಿ. ದಿನಾಂಕ ಮತ್ತು ಸ್ಥಳ ದಾಖಲಾಗುವಂತೆ ಚಿತ್ರ ತೆಗೆದು, ಜಲಮೂಲಕ್ಕೆ ತಾಗಿರುವ ವಿಷಯವನ್ನು ಸ್ಪಷ್ಟವಾಗಿ ಬರೆದು ಈ ದಿನವೇ ಪಂಚಾಯತಿಗೆ ದೂರು ಕೊಡಿ. ಮಳೆಗೆ ಮೊದಲು ತೆಗೆಯಬೇಕೆಂಬ ವಿನಂತಿಯನ್ನೂ ಅದರಲ್ಲೇ ಸೇರಿಸಿ. ಸ್ಕ್ವಾಡಿನವರು ಪರಿಶೀಲಿಸಿದ ಮೇಲೆ ಅವರು ಕರೆದರೆ ಗೋಣಿ ಹೊರಲು ಹೋಗಿ.

ಪತ್ರಕ್ಕೆ ವಾಚನಾಲಯದ ಕಾರ್ಯದರ್ಶಿ ಸಹಿ ಹಾಕಲಿ. ಅದರ ಕೆಳಗೆ ಭಾಗವಹಿಸುವವರ ಹೆಸರು ಮತ್ತು ಸಹಿಯ ಪಟ್ಟಿ ಇರಲಿ. ಹೊಸಬರು ಸೇರಿದಾಗ ಪಟ್ಟಿಯನ್ನು ಪರಿಷ್ಕರಿಸಿ ಪುನಃ ಕಳುಹಿಸಿ. ಅಡ್ಯನಡ್ಕದವರು ನಿಮ್ಮ ಜೊತೆ ಸೇರುವುದಾದರೆ ಅವರು ತಮ್ಮ ಪಂಚಾಯತಿಗೆ ಬೇರೆ ಪತ್ರ ಕೊಡಬೇಕು. ಪ್ರತಿ ಸಲ ಚೀಲ ಒಪ್ಪಿಸಿದಾಗ ಎಂಸಿಎಫ್‌ನಲ್ಲಿ ಚೀಲಗಳ ಸಂಖ್ಯೆ ಬರೆದು ಪಡೆದವರ ಸಹಿ ಹಾಕಿಸಿಕೊಳ್ಳಿ. ಅದಕ್ಕೆ ಇನ್ನೂರು ಪುಟದ ನೋಟುಪುಸ್ತಕವೊಂದು ಸಾಕು.

ಹರಿತ ಕರ್ಮ ಸೇನೆಯ ಸದಸ್ಯೆ, ಕುಂಬಳೆ ಕಡೆಯಿಂದ:

ಚೀಲ ಒಪ್ಪಿಸುವ ದಿನ ಶನಿವಾರ ಮಧ್ಯಾಹ್ನದ ಒಳಗೆ ಆದರೆ ಅನುಕೂಲ, ಆದಿತ್ಯವಾರ ಎಂಸಿಎಫ್‌ನಲ್ಲಿ ಸಹಿ ಹಾಕಲು ಯಾರೂ ಇರುವುದಿಲ್ಲ. ಹೆಕ್ಕುವುದನ್ನು ಶನಿವಾರ ಬೆಳಗ್ಗೆಗೆ ಬದಲಾಯಿಸಲು ಸಾಧ್ಯವೇ ಎಂದು ನಿಮ್ಮ ಸಭೆಯಲ್ಲಿ ಕೇಳಿ, ನಿಮ್ಮ ವಾರ್ಡಿನವರಿಗೂ ತಿಳಿಸಿ.